ಮೂಕಿ ಚಿತ್ರಕ್ಕೆ ಅರ್ಥ ಹೇಳಹೊರಟ ಭಾವ

ಮಾತಾಡಿಯೇ ಹೊಟ್ಟೆ ಹೊರೆಯುವವನು ನಾನು, ಶಿರಸಿಯಲ್ಲಿ ವಕೀಲ. ಹಾಗಿದ್ದೂ ನನ್ನ ಆರಾಧ್ಯದೈವ ಮಾತ್ರ, ಪಾತ್ರಗಳ ಬಾಯಿಂದ ಒಂದು ಮಾತೂ ಆಡಿಸದ ಒಬ್ಬ ಪರದೇಶಿ. ಮೂಕಿ ಕಾಲದಲ್ಲಿ ನಗೆಚಿತ್ರಗಳನ್ನು ನಿರ್ದೇಶಿಸಿದವನು. ಹೆಸರು ಹೇಳಿದರೆ ಅವನ ಊರಿನವರೇ 'ಯಾರದು?' ಅಂದಾರು. ಚಿತ್ರಗಳಲ್ಲಿ ಏಣಿಯಿಂದ ಬೀಳುವ ಕೂಲಿಗೆ ಸೇರಿ, ಹೇಗೆ ಬಿದ್ದರೆ ಜನ ನಗುತ್ತಾರೆಂದು ಕಂಡುಕೊಂಡು, ಕೊನೆಗೆ ಇನ್ನೊಬ್ಬರನ್ನು ಬೀಳಿಸುವ ಹುದ್ದೆಗೆ ಏರಿದ. ಸಿನಿಮಾಕ್ಕೆ ಮಾತು ಬಂತು, ಇವನ ಕೆಲಸ ಹೋಯಿತು. ರೀಲುಗಳೂ ಹೆಚ್ಚಿನವು ಹಾಳಾದವು. ಉಳಿದದ್ದನ್ನು ಫೋನಿನಲ್ಲಿ ನೋಡುವಾಗಲೆಲ್ಲ ಕೈಮುಗಿಯಬೇಕೆನಿಸುತ್ತದೆ.

ಒಬ್ಬನೇ ನಕ್ಕರೆ ಸಾಕೆ? ಸಿದ್ದಾಪುರದ ಗೆಳೆಯರ ಬಳಗಕ್ಕೆ ಅವನದೊಂದು ಚಿತ್ರ ತೋರಿಸಿ, ಆಮೇಲೆ ಉದ್ದದ ಭಾಷಣ ಬಿಗಿಯುವುದೆಂದು ಹೊರಟೆ. ಅಷ್ಟು ಹಳೆಯ ನಗೆ ನಮ್ಮೂರ ಕಡೆ ಬಂದು ಸತ್ತರೆ, ಅವನನ್ನು ಎರಡನೇ ಸಲ ಸಾಯಿಸಿದ ಪಾಪ ನನಗೇ ಎಂಬ ದಿಗಿಲು ಬೇರೆ.

ಮುಂದಿನ ಸಾಲಿನಲ್ಲಿ ನನ್ನ ಅಕ್ಕನ ಗಂಡ ಮಂಜುನಾಥ ಭಾವ ಕುಳಿತಿದ್ದರು. ತಾಳಮದ್ದಳೆಯ ಅರ್ಥಧಾರಿ, ಎಂದರೆ ಪಾತ್ರದ ಮಾತನ್ನು ಅಲ್ಲೇ ಹೊಸೆದು ಆಡುವವರು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಬರೀ ಮಾತಿನಿಂದ ಲಂಕೆ ಸುಡಬೇಕು. ಭಾವನಾದರೋ ಬೆಂಕಿ ಹಚ್ಚುವ ಮೊದಲು ಬೆಂಕಿಯ ಬಗ್ಗೆಯೇ ಅರ್ಧ ಗಂಟೆ ಮಾತಾಡಬಲ್ಲರು.

ಚಿತ್ರ ಶುರುವಾಯಿತು. ಹೆಣ್ಣು ಕೇಳಲು ಬಂದ ಬಡಕಲು ಹುಡುಗ ಗಾಬರಿಯಲ್ಲಿ, ಕುರ್ಚಿಯ ಮೇಲಿಟ್ಟಿದ್ದ ಕೇಕಿನ ಮೇಲೆಯೇ ಕುಳಿತುಬಿಟ್ಟ. ಇನ್ನು ಏಳುವಂತಿಲ್ಲ. ಹುಡುಗಿ ಬಂದಳು, ಅವಳಪ್ಪ ಬಂದ, ಪಾದ್ರಿಯೂ ಬಂದ. ಎಲ್ಲರೂ ಏಳು ಏಳು ಎಂದು ಸನ್ನೆ ಮಾಡುತ್ತಾರೆ. ಸಭೆಯಲ್ಲಿ ಒಬ್ಬರೂ ನಗಲಿಲ್ಲ.

"ಎಂತ ಇದು, ಮಾತೇ ಆಡ್ತ್ನಿಲ್ಲೆ! ತಡಿ, ಅವಂದು ಅರ್ಥ ಆನು ಹೇಳ್ತೆ," ಎಂದು ಭಾವ ಗಂಟಲು ಸರಿಮಾಡಿಕೊಂಡರು. "ಎಲೈ ಮಾವನೇ, ಆಸನದ ಮಹಿಮೆಯನ್ನು ಬಲ್ಲೆಯಾ? ಪೀಠವೆಂಬುದು..."

ನಾನು ತಲೆಯ ಮೇಲೆ ಕೈಹೊತ್ತೆ. ಅಷ್ಟರಲ್ಲಿ ಪರದೆಯ ಹುಡುಗ ಕುರ್ಚಿಯನ್ನು ಎರಡೂ ಕೈಯಿಂದ ಅಂಡಿಗೆ ಒತ್ತಿಹಿಡಿದುಕೊಂಡೇ ಎದ್ದ. ಹಾಗೆಯೇ ಗಂಭೀರವಾಗಿ ನಡೆದು ಪಾದ್ರಿಗೆ ತಲೆಬಾಗಿದ.

ಭಾವನ ಪೀಠ ಅಲ್ಲಿಗೇ ನಿಂತಿತು. ಮೊದಲು ನಗೆಯಿಂದ ಅವರ ಹೊಟ್ಟೆ ಕುಲುಕಿತು, ಆಮೇಲೆ ಸಭೆಯೇ ಕುಲುಕಿತು. ಚಿತ್ರ ಮುಗಿಯುವ ತನಕ ಅವರು ಶಾಲಿನಿಂದ ಕಣ್ಣೊರೆಸಿಕೊಂಡರೇ ಹೊರತು ಮಾತಾಡಲಿಲ್ಲ. ಈ ಬಾಯಿ ಮುಚ್ಚಿಸಲು ತಾಳಮದ್ದಳೆಯ ಯಾವ ಎದುರಾಳಿಗೂ ಆಗಿರಲಿಲ್ಲ. ಅಕ್ಕನಿಗಂತೂ ಆಗಿಯೇ ಇಲ್ಲ. ಎಲ್ಲಿಯೋ ಹುಟ್ಟಿ ಎಂದೋ ಸತ್ತವನೊಬ್ಬ ಒಂದು ಕುರ್ಚಿಯಿಂದ ಅದನ್ನು ಸಾಧಿಸಿದ್ದ.

ದೀಪ ಹತ್ತಿತು. "ಎಂತಕ್ಕೆ ಭಾವ, ಅರ್ಥ ನಿಲ್ಸಿದ್ದು?" ಎಂದೆ.

"ಅಂವನೇ ಎಲ್ಲಾ ಹೇಳ್ಬಿಟ್ಟ, ಎಂಗೆ ಹೇಳಲೆ ಎಂತದೂ ಬಿಟ್ಟಿದ್ನಿಲ್ಲೆ, ಮಾರಾಯಾ."

ಭಾಷಣಕ್ಕೆ ಎದ್ದಿದ್ದವನು ಖಾಲಿ ಪರದೆಗೆ ಕೈಮುಗಿದು ಕುಳಿತುಬಿಟ್ಟೆ. ಕಕ್ಷಿದಾರನೇ ಬಂದು ಕೇಸು ಗೆದ್ದ ಮೇಲೆ ವಕೀಲ ಬಾಯಿ ತೆರೆಯಬಾರದು.