ಮದ್ದಿನ ಡಬ್ಬಿಯಲ್ಲಿ ಬೇವಿನೆಲೆ

ನಿಂಬರ್ಗಾದಲ್ಲಿ ಬೀರಲಿಂಗಪ್ಪ ಎಂಬ ಹೆಸರಿನವರು ಐದಾರು ಮಂದಿ ಸಿಕ್ಕಾರು. ಬಂದೂಕಿನ ಬೀರಲಿಂಗಪ್ಪ ಮಾತ್ರ ಒಬ್ಬನೇ. ಅರವತ್ತನಾಲ್ಕರ ಈ ಮನುಷ್ಯನ ಬಳಿ ಅಪ್ಪನ ಕಾಲದ ಒಂಟಿ ನಳಿಕೆಯ ನಾಡಬಂದೂಕಿತ್ತು, ಬೆಳೆ ಕಾಯಲು ಸರಕಾರ ಕೊಟ್ಟ ಪರವಾನಗಿಯಿತ್ತು. ಬಂದೂಕಿಗಿಂತ ಗೇಣುದ್ದ ಹೆಚ್ಚಿನ ಜಂಬವೂ ಇತ್ತು. ಮೊನ್ನೆಯ ತೊಗರಿ ಸುಗ್ಗಿಯ ತನಕ ಇತ್ತು ಎನ್ನಬೇಕು.

ತೊಗರಿ ಕೊಯ್ಯುವವರಿಗೆ ಈ ಬಂದೂಕು ಬೇಕೇ ಬೇಕಿತ್ತು. ಕೊಯ್ಲು ನಾಲ್ಕೂ ಕಡೆಯಿಂದ ಒಳಗೊಳಗೆ ಬಂದಂತೆ ಹಂದಿಗಳು ನಡುವಿನ ತೊಗರಿಯಲ್ಲಿ ಅಡಗಿ ಕೂರುತ್ತವೆ. ಕೊನೆಗೆ ಎರಡು ಗುಂಟೆಯಷ್ಟು ಬೆಳೆ ಉಳಿದಾಗ ಹೆಣ್ಣುಮಕ್ಕಳು ಕುಡುಗೋಲು ಕೆಳಗಿಟ್ಟು ಹೊಲದ ದಂಡೆಗೆ ನಿಲ್ಲುತ್ತಾರೆ. ಆಗ ಬೀರಲಿಂಗಪ್ಪ ಬರಬೇಕು. ಗುಂಡಿಲ್ಲದೆ ಬರೀ ಮದ್ದು ತುಂಬಿ, ಅರಿವೆ ತುಂಡು ಗಿಡಿದು, ಆಕಾಶಕ್ಕೆ ಒಂದು ಬಾರು ಹಾರಿಸಬೇಕು. ಸದ್ದಿಗೆ ಹಂದಿಗಳು ಆಚೆ ಕಡೆಯಿಂದ ಕಿತ್ತುಕೊಂಡು ಓಡುತ್ತವೆ. ಆಮೇಲೆ ಆತ ‘ಇಳೀರಿ’ ಎನ್ನಬೇಕು, ಹೆಂಗಸರು ಒಳಗಿಳಿಯಬೇಕು. ಆತ ಹೇಳದೆ ಒಬ್ಬರೂ ಕಾಲಿಡುತ್ತಿರಲಿಲ್ಲ. ಆ ಒಂದು ಮಾತು ಹೇಳುವಾಗ ಬೀರಲಿಂಗಪ್ಪನ ಮೀಸೆ ತಾನಾಗಿ ಮೇಲೇರುತ್ತಿತ್ತು.

ಮದ್ದು ಬರುತ್ತಿದ್ದುದು ಆಳಂದದ ಸಲಾವುದ್ದೀನನ ಅಂಗಡಿಯಿಂದ. ಅವನಪ್ಪನ ಕಾಲದಿಂದಲೂ ಬಂದೂಕು ದುರಸ್ತಿ ಮಾಡುವ, ಪರವಾನಗಿ ಇದ್ದವರಿಗೆ ಮದ್ದು ಕೊಡುವ ಅಂಗಡಿ ಅದು. ಅಫಜಲಪುರ, ಜೇವರ್ಗಿ ಕಡೆಯ ರೈತರೂ ಅಲ್ಲಿಗೇ ಬರುತ್ತಿದ್ದರು. ಸಲಾವುದ್ದೀನ ಮಾತು ಕಡಿಮೆಯ ಆಸಾಮಿ. ಆದರೆ ಡಬ್ಬಿ ಕೈಗೆ ಕೊಡುವಾಗ ಪ್ರತಿ ಸಲ ಒಂದೇ ಪಾಠ ಒಪ್ಪಿಸುತ್ತಿದ್ದ.

“ಕಾಕಾ, ಇದೇ ಡಬ್ಬಿದಾಗ ಇಡ್ರಿ, ಮುಚ್ಚಳ ಬಿಗೀ ಹಾಕ್ರಿ. ಛಲೋ ಮದ್ದು ಸಾಸಿವಿ ಸುರದಂಗ ಬಿಡಿಬಿಡಿ ಉದುರ್ತದ. ಉಂಡಿ ಕಟ್ಟಿತ್ತು, ಮ್ಯಾಲ ಬೆಳ್ಳಗ ಉಪ್ಪು ಹೂ ಬಿಟ್ಟಂಗ ಆಗಿತ್ತು ಅಂದ್ರ ನೀರು ಕುಡದದ ಅಂತ ತಿಳೀರಿ. ಬಿಸಲಿಗೆ ಒಣಗಿಸಿದ್ರೂ ಅದು ಮೊದಲಿನಂಗ ಆಗಂಗಿಲ್ರಿ. ತುಂಬಬ್ಯಾಡ್ರಿ, ನನಗ ತಂದ್ಕೊಡ್ರಿ.”

“ನಿಮ್ಮಪ್ಪಗ ಮದ್ದಿನ ಗುಣ ಹೇಳಿಕೊಟ್ಟಾಂವ ನಮ್ಮಪ್ಪ. ನನಗ ಹೇಳ್ತೀ ಏನಲೇ?” ಎಂದು ಬೀರಲಿಂಗಪ್ಪ ನಗುತ್ತಿದ್ದ. ಮಾತು ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಗೆ.

ಆ ಸುಗ್ಗಿಯ ವರ್ಷ ಮಳೆಗಾಲಕ್ಕೆ ಮುಂಚೆ ಡಬ್ಬಿಯ ಹತ್ತಿರ ಎರಡು ನುಸಿ ಕಂಡವು. ಬೀರಲಿಂಗಪ್ಪ ರೈತ. ವರ್ಷವಿಡೀ ಉಳಿಯಬೇಕಾದ ಯಾವುದಕ್ಕೂ ಅವನ ಕೈಗೆ ಗೊತ್ತಿದ್ದ ಮದ್ದು ಒಂದೇ, ಬೇವಿನೆಲೆ. ತೊಗರಿ ಕಾಳಿಗೆ ಹಾಕುತ್ತಾರೆ, ಬೀಜದ ಜೋಳಕ್ಕೆ ಹಾಕುತ್ತಾರೆ, ಬಂದೂಕಿನ ಮದ್ದು ಏನು ಪಾಪ ಮಾಡಿದೆ? ಹಿತ್ತಲಿನ ಗಿಡದಿಂದ ಹಸಿ ಎಲೆ ಒಂದು ಹಿಡಿ ಕಿತ್ತು ಡಬ್ಬಿಗೆ ತುರುಕಿದ. ಗಾಳಿಯಾಡಲಿ ಎಂದು ಬಿಗಿ ಮುಚ್ಚಳ ತೆಗೆದು ಕಾಳಿನ ಗಡಿಗೆಗೆ ಕಟ್ಟುವಂತೆ ಅರಿವೆ ಕಟ್ಟಿದ. ತಾನು ಜಾಣನೆಂದು ಒಳಗೊಳಗೇ ಬೆನ್ನು ತಟ್ಟಿಕೊಂಡ. ನುಸಿ ಮದ್ದು ತಿನ್ನುತ್ತದೆಯೇ ಎಂದು ಮಾತ್ರ ಕೇಳಿಕೊಳ್ಳಲಿಲ್ಲ.

ಪುಷ್ಯ ಮಾಸದ ಒಂದು ಮುಂಜಾನೆ ಪರಮೇಶನ ಹೊಲದಲ್ಲಿ ಕೊಯ್ಲು ಕೊನೆಗೆ ಬಂತು. ಹನ್ನೊಂದು ಜನ ಹೆಂಗಸರು ದಂಡೆಯಲ್ಲಿ ನಿಂತಿದ್ದರು. ಅವರ ಮುಂದಾಳು ಮಹಾನಂದಾ, ಮೂವತ್ತರ ಗಟ್ಟಿ ಹೆಂಗಸು, ಕೂಲಿ ತಂಡ ಕಟ್ಟಿ ನಡೆಸುವವಳು. ಬೀರಲಿಂಗಪ್ಪ ಅರಿವೆ ಬಿಚ್ಚಿ ಮದ್ದು ಅಂಗೈಗೆ ಸುರಿದುಕೊಂಡ. ಅದು ಉದುರಲಿಲ್ಲ, ಹೆಂಟೆ ಹೆಂಟೆಯಾಗಿ ಬಿತ್ತು. ಬೆಳ್ಳನೆಯ ಹೂವೂ ಕಂಡಿತು. ಅವನಿಗೆ ತಿಳಿಯಲಿಲ್ಲ ಎನ್ನುವಂತಿಲ್ಲ. ಚೆನ್ನಾಗಿಯೇ ತಿಳಿಯಿತು. ಆದರೆ ಹನ್ನೊಂದು ಜನ ನೋಡುತ್ತಿದ್ದರು, ಪರಮೇಶ ಎಂದಿನಂತೆ ಫೋನ್ ಎತ್ತಿ ವಿಡಿಯೋ ಹಿಡಿಯುತ್ತಿದ್ದ. ಬೀರಲಿಂಗಪ್ಪ ಅವರಿಗೆ ಬೆನ್ನು ತಿರುಗಿಸಿ, ಹೆಂಟೆಗಳನ್ನು ಹೆಬ್ಬೆರಳಿನಿಂದ ಪುಡಿಮಾಡಿ, ನಳಿಕೆಗೆ ಸುರಿದ.

ಬಂದೂಕಿನ ಕುದುರೆ ಎಳೆದಾಗ ಟಿಕ್ ಎಂದು ಮದ್ದಿಗೆ ಕಿಡಿ ಕೊಡುವ ಟೋಪಿ ಸಿಡಿಯಿತು. ಆಮೇಲೆ ಫುಸ್ ಎಂದು ಒಂದಿಷ್ಟು ಹೊಗೆ. ಅಷ್ಟೇ.

ಯಾರೋ ಒಬ್ಬಾಕೆ ಕಿಸಕ್ಕನೆ ನಕ್ಕಳು. ಬೀರಲಿಂಗಪ್ಪನ ಕಿವಿ ಬಿಸಿಯಾದವು. ಇನ್ನೊಂದು ಬಾರು ಮಾಡಿದರೆ ಇನ್ನೊಂದು ಫುಸ್ ಎಂದು ಅವನಿಗೆ ಗೊತ್ತು.

“ಒಳಗ ಏನೂ ಇಲ್ಲ. ಇದ್ದಿದ್ರ ಟೋಪಿ ಸಪ್ಪಳಕ್ಕೇ ಓಡತಿದ್ವು. ಇಳೀರಿ,” ಎಂದ.

ಮಹಾನಂದಾ ಮೊದಲು ಇಳಿದಳು. ಹತ್ತು ಹೆಜ್ಜೆ ಹೋಗಿದ್ದಳೋ ಇಲ್ಲವೋ, ತೊಗರಿ ಸೀಳಿಕೊಂಡು ಗಂಡುಹಂದಿ ಬಂತು. ಅದರ ಕೋರೆ ಅವಳ ತೊಡೆಯನ್ನು ಸೀಳಿತು, ಬಿದ್ದ ರಭಸಕ್ಕೆ ಮೊಣಕಾಲು ಮುರಿಯಿತು. ಟ್ರ್ಯಾಕ್ಟರಿನಲ್ಲಿ ಮಲಗಿಸಿ ದವಾಖಾನೆಗೆ ಒಯ್ದರು.

ಉಳಿದವರು ಬೀರಲಿಂಗಪ್ಪನ ಸುತ್ತ ನೆರೆದರು. “ಏನಾತ್ರಿ ಕಾಕಾ? ಬಂದೂಕ ಯಾಕ ಹಾರ್ಲಿಲ್ಲ?” ಎಂದು ಪರಮೇಶ ಕೇಳಿದ. ಬೀರಲಿಂಗಪ್ಪನ ಬಾಯಿಂದ ಸುಳ್ಳು ಸಲೀಸಾಗಿ ಬಂತು.

“ಆ ಸಲಾವುದ್ದೀನ ಕೆಟ್ಟ ಮದ್ದು ಕೊಟ್ಟಾನ.”

ಪರಮೇಶನ ಫೋನ್ ಆ ಮಾತನ್ನೂ ಹಿಡಿದುಕೊಂಡಿತು. ಸಂಜೆಯೊಳಗೆ ಅದು ಹತ್ತೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಮರುದಿನ ನಾಲ್ಕು ಜನ ಹೋಗಿ ಅಂಗಡಿಯ ಮುಂದೆ ಕೂಗಾಡಿ ಬಂದರು. ಸಲಾವುದ್ದೀನ ತಿರುಗಿ ಕೂಗಲಿಲ್ಲ. ಬೀರಲಿಂಗಪ್ಪನಿಗೆ ಫೋನ್ ಮಾಡಿ, “ಕಾಕಾ, ಡಬ್ಬಿ ತಗೊಂಡು ಬರ್ರಿ, ಕೂಡಿ ನೋಡೂನು,” ಎಂದ. ಬೀರಲಿಂಗಪ್ಪ ‘ಹೂಂ’ ಎಂದು ಫೋನ್ ಇಟ್ಟ, ಹೋಗಲಿಲ್ಲ. ಆಮೇಲೆ ಆ ನಂಬರು ಕಂಡರೆ ಫೋನನ್ನು ದಿಂಬಿನ ಕೆಳಗೆ ತಳ್ಳುತ್ತಿದ್ದ. ಅಂಗಡಿಗೆ ಜನ ಬರುವುದು ನಿಂತಿತು.

ತಿಂಗಳು ಕಳೆಯಿತು. ಹೆಂಡತಿ ಸಕ್ಕುಬಾಯಿ ಗೋಡೆಯ ಗೂಡು ಗುಡಿಸುವಾಗ ಡಬ್ಬಿ ಕಣ್ಣಿಗೆ ಬಿತ್ತು. ಅರಿವೆ ಸರಿಸಿ ನೋಡಿದಳು. ಕಪ್ಪಾಗಿ ಕೊಳೆತು ಮದ್ದಿಗೆ ಅಂಟಿಕೊಂಡ ಬೇವಿನೆಲೆ.

“ಕಾಳಿಗೆ ಹಾಕೋದು ಇದಕ್ಯಾಕ ಹಾಕಿದ್ರಿ?” ಎಂದಳು.

ಸಕ್ಕುಬಾಯಿ ಗಂಡನ ಮುಖ ನೋಡಿದಳು. “ಆ ಅಂಗಡಿ ಮನಷ್ಯಾನ ಮನ್ಯಾಗೂ ಹೆಂಡ್ತಿ ಮಕ್ಕಳು ಅದಾರಲ್ರಿ,” ಎಂದು ಡಬ್ಬಿಯನ್ನು ಅವನ ಮುಂದೆ ಇಟ್ಟು ಒಳಗೆ ಹೋದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳೆದುರು ಬೀರಲಿಂಗಪ್ಪ ತಲೆ ಎತ್ತಲಾರದೆ ಕೂತದ್ದು ಅದೇ ಮೊದಲು.

ಮರುದಿನವೇ ಆಳಂದಕ್ಕೆ ಹೋದ. ಸಲಾವುದ್ದೀನ ಡಬ್ಬಿಯೊಳಗೆ ನೋಡಿದ, ಎಲೆಯೊಂದನ್ನು ಚಿವುಟಿ ತೆಗೆದ, ಎಲ್ಲ ಅರ್ಥ ಮಾಡಿಕೊಂಡ. ಬೈಯಲಿಲ್ಲ. ಹಿಂದಿನ ಅಂಗಳದಲ್ಲಿ ಬಕೆಟ್ಟಿನ ನೀರಿಗೆ ಅಷ್ಟೂ ಮದ್ದನ್ನು ಸುರಿದು ಕಲಸಿದ. ಆಮೇಲೆ ಹೇಳಿದ:

“ಹೋಗ್ಲಿ ಬಿಡ್ರಿ ಕಾಕಾ. ನಾ ಯಾರ ಮುಂದೂ ಹೇಳಂಗಿಲ್ಲ. ಈ ವಯಸ್ಸಿನ್ಯಾಗ ನಿಮ್ಮ ಮರ್ಯಾದಿ ಹೋಗೂದು ಬ್ಯಾಡ.”

ಆ ಕ್ಷಣಕ್ಕೆ ಬೀರಲಿಂಗಪ್ಪನ ಎದೆ ಹಗುರಾಯಿತು. ಹಗುರಾದದ್ದು ತಿಳಿದೊಡನೆ ಮೊದಲಿಗಿಂತ ಹೆಚ್ಚು ಹೇಸಿಗೆಯಾಯಿತು. ಮುಳುಗುತ್ತಿರುವವನು ಸಲಾವುದ್ದೀನ, ಆದರೂ ದಡದಲ್ಲಿ ಕೂತ ಬೀರಲಿಂಗಪ್ಪನ ಧೋತರ ನೆನೆಯದಿರಲಿ ಎನ್ನುತ್ತಿದ್ದಾನೆ. “ಅದಲ್ಲಪಾ,” ಎಂದವನೇ ಎದ್ದು ಬಸ್ಸು ಹಿಡಿದ.

ಊರಿಗೆ ಬಂದವನೇ ಪರಮೇಶನನ್ನು ಕರೆದು, ಫೋನ್ ಹಿಡಿ ಎಂದ. ಪಂಚಾಯಿತಿ ಕಟ್ಟೆಯ ಮುಂದೆ ನಿಂತು ಬೇವಿನೆಲೆಯ ಕಥೆಯನ್ನೆಲ್ಲ ಹೇಳಿದ, ತಪ್ಪು ತನ್ನದು ಎಂದ. ಪರಮೇಶ ಎಲ್ಲ ಗುಂಪಿಗೂ ಕಳಿಸಿದ. ಸುಳ್ಳು ಓಡಿದ ದಾರಿಯಲ್ಲಿ ನಿಜ ನಡೆಯಲೂ ಇಲ್ಲ. ನಾಲ್ಕು ಜನ ನೋಡಿದರು, ಒಬ್ಬ ಕೈಮುಗಿದ ಚಿತ್ರ ಹಾಕಿದ. ಅಂಗಡಿ ಖಾಲಿಯೇ ಉಳಿಯಿತು.

ಆಮೇಲೆ ಮಹಾನಂದಾಳ ಮನೆಗೆ ಹೋದ. ಅವಳು ಗೋಡೆಗೆ ಒರಗಿ, ಪಟ್ಟಿ ಕಟ್ಟಿದ ಕಾಲು ಚಾಚಿ ಕೂತಿದ್ದಳು. ಬೀರಲಿಂಗಪ್ಪ ಮದ್ದು ತಾನೇ ಕೆಡಿಸಿದ್ದನ್ನು ಹೇಳಿ ಕೈಮುಗಿದ. ಅವಳು ಪೂರಾ ಕೇಳಿದಳು.

“ಮದ್ದು ಕೆಡ್ತದ, ಕೆಡ್ಲಿ ಕಾಕಾ. ಬಂದೂಕ ಹಾರ್ಲಿಲ್ಲಂದ್ರ ನಾವು ಒಳಗ ಹೋಗತಿರಲಿಲ್ರಿ. ದಂಡಿಗೆ ನಿಂತಿದ್ವಿ. ಇಳೀರಿ ಅಂತ ಯಾಕ ಅಂದ್ರಿ?”

ಒಬ್ಬಾಕೆ ನಕ್ಕಳು, ಅದಕ್ಕೆ ಎಂದು ಹೇಗೆ ಹೇಳುವುದು? ಚಹಾ ಕುಡಿಯದೆ ಎದ್ದು ಬಂದ.

ಬಂದೂಕನ್ನು ಠಾಣೆಗೆ ಒಪ್ಪಿಸಿದ. ಈಗ ವಾರಕ್ಕೆ ಎರಡು ದಿನ ಬಸ್ಸು ಹತ್ತಿ ಆಳಂದಕ್ಕೆ ಹೋಗಿ ಸಲಾವುದ್ದೀನನ ಅಂಗಡಿಯ ಮರದ ಬೆಂಚಿನ ಮೇಲೆ ಕೂರುತ್ತಾನೆ. ಸಲಾವುದ್ದೀನ ಬೇಡವೆಂದು ಎರಡು ಸಲ ಹೇಳಿ ಸುಮ್ಮನಾದ. ಅಪ್ಪಿತಪ್ಪಿ ಯಾರಾದರೂ ಬಂದರೆ ಬೀರಲಿಂಗಪ್ಪ ಕೇಳದಿದ್ದರೂ ಹೇಳುತ್ತಾನೆ: ಬಿಗಿ ಮುಚ್ಚಳ, ಒಣ ಜಾಗ, ಒಣ ಕೈ, ಉಂಡೆಯಾದರೆ, ಬೆಳ್ಳಗಾದರೆ ತುಂಬಬೇಡ, ಬೇವಿನೆಲೆ ಹಾಕಿ ಕೆಡಿಸಿದವನು ನಾನು, ಇವನಲ್ಲ. ಕೆಲವರು ನಗುತ್ತಾರೆ. ನಗಲಿ ಎಂದು ಕೂರುವುದನ್ನು ಅವನು ಕಲಿಯುತ್ತಿದ್ದಾನೆ, ಇನ್ನೂ ಪೂರ್ತಿ ಬಂದಿಲ್ಲ.

ಕಳೆದ ವಾರ ಯಡ್ರಾಮಿಯಿಂದ ಬಂದಿದ್ದ ರೈತನೊಬ್ಬ ಮಹಾನಂದಾಳ ಸಂಗತಿಯನ್ನೂ ಪೂರಾ ಕೇಳಿ ತಲೆದೂಗಿದ. “ಅಂದ್ರ ಆ ಹೆಣ್ಣಮಗಳ ಕಾಲು ಮುರದದ್ದು ಕೆಟ್ಟ ಮದ್ದಿನಿಂದ ಅನ್ರಿ.”

ಬೀರಲಿಂಗಪ್ಪ ಹೌದೆಂದು ತಲೆ ಆಡಿಸಲು ಹೋಗಿ ತಡೆದುಕೊಂಡ. ಸಲಾವುದ್ದೀನ ಕೆಲಸ ನಿಲ್ಲಿಸಿ ಅವನತ್ತ ನೋಡಿದ.

“ಅಲ್ಲಪಾ,” ಎಂದ ಬೀರಲಿಂಗಪ್ಪ. “ಮದ್ದು ಬರೇ ಫುಸ್ ಅಂತು. ಒಳಗ ಏನೂ ಇಲ್ಲ, ಇಳೀರಿ ಅಂದಾಂವ ನಾ.”