ಬದುವಿನ ಮೇಲಿನ ಬಟ್ಟೆ

ಅವತ್ತು ಮಾಡಿದ ಕೆಲಸ ಇಷ್ಟು. ಕೊಟ್ಟಿಗೆ ಬಾಚಿದೆ. ಹಾಲು ಕರೆದು ಡೈರಿಗೆ ಹಾಕಿ ಬಂದೆ. ಹುಳುಮನೆಯ ಬಾಗಿಲಿಗೆ ಸುಣ್ಣದ ಪುಡಿ ಉದುರಿಸಿ, ಕೈಕಾಲು ತೊಳೆದು ಒಳಗೆ ಹೋಗಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಸಿದೆ. ಅವರೆಕಾಯಿ ಸುಲಿದು ಕಾಳನ್ನು ನೀರಿಗೆ ಹಾಕಿದೆ. ಕೋಲಾರದ ಆಸ್ಪತ್ರೆಗೆ ಹೋಗಿ ಬಂದೆ. ಸತ್ತ ಹುಳುಗಳನ್ನು ಮಂಕರಿಗಳಲ್ಲಿ ಹೊತ್ತು ಗುಂಡಿಗೆ ಸುರಿದೆ. ಅಂಗಳದ ರಕ್ತಕ್ಕೆ ನೀರು ಹಾಕಿ ಪೊರಕೆಯಲ್ಲಿ ಉಜ್ಜಿದೆ. ಕಾಳು ಹಿಚುಕಿ ಸಾರಿಗಿಟ್ಟೆ.

ನಮ್ಮದು ವಕ್ಕಲೇರಿ ಕಡೆಯ ಹಳ್ಳಿ. ಈ ಸೀಮೆಯಲ್ಲಿ ವರ್ಷವೆಲ್ಲ ಹರಿಯುವ ಹೊಳೆ ಇಲ್ಲ. ಶ್ರೀನಿವಾಸಪುರದವರು ಮಾವಿನ ಮರ ನಂಬಿದರು, ಮಾಲೂರಿನ ಕಡೆ ಶಿವಾರಪಟ್ಟಣದವರು ಕಲ್ಲಿನ ಕೆತ್ತನೆ ನಂಬಿದರು, ನಾವು ಹಾಲು, ರೇಷ್ಮೆ, ಟೊಮೆಟೊ ಅಂತ ಉಳಿದೆವು. ಬೆಂಗಳೂರು ಬಳಸಿ, ಶುದ್ಧ ಮಾಡಿ ಕಳಿಸಿದ ನೀರು ಕೆರೆಗೆ ಬಂದ ಮೇಲೆ ಬತ್ತಿದ್ದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಕಂಡಿತು. ಜಮೀನು ಪಾಲಾದಾಗ ನಮ್ಮ ಯಜಮಾನರು ತಮ್ಮ ಪಾಲಿನಲ್ಲಿ ಹಿಪ್ಪುನೇರಳೆ ಇಟ್ಟರು. ಅವರ ತಮ್ಮ, ನನ್ನ ಮೈದುನ, ಟೊಮೆಟೊ ಇಟ್ಟ. ನಡುವೆ ಒಂದು ಬದು.

ಈ ಎರಡು ಬೆಳೆಗೆ ಒಂದಕ್ಕೊಂದು ಆಗುವುದಿಲ್ಲ. ಔಷಧಿ ಹೊಡೆಯದಿದ್ದರೆ ಟೊಮೆಟೊ ನಿಲ್ಲುವುದಿಲ್ಲ. ಔಷಧಿಯ ಗಾಳಿ ಸೋಕಿದ ಸೊಪ್ಪು ತಿಂದರೆ ಹುಳು ಉಳಿಯುವುದಿಲ್ಲ. ಅದಕ್ಕೇ ಔಷಧಿ ಹೊಡೆದವನು ಬದುವಿನ ಮೇಲಿನ ಕಡ್ಡಿಗೆ ಒಂದು ಕೆಂಪು ಬಟ್ಟೆ ಕಟ್ಟಬೇಕು. ಬಟ್ಟೆ ಇರುವಷ್ಟು ದಿನ ಆ ಪಕ್ಕದ ಸಾಲುಗಳ ಸೊಪ್ಪನ್ನು ನಾವು ಕೊಯ್ಯುವುದಿಲ್ಲ. ಕಟ್ಟಿದವನೇ ಬಿಚ್ಚಬೇಕು. ಅಣ್ಣ ತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದರೂ ಈ ಬಟ್ಟೆಯ ವಿಷಯದಲ್ಲಿ ಯಾವತ್ತೂ ತಪ್ಪಿರಲಿಲ್ಲ.

ಹುಳುಗಳು ನಾಲ್ಕನೇ ಜ್ವರ ಎದ್ದಿದ್ದವು. ಮೇವು ಬಿಟ್ಟು, ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಕೊನೆಯ ಜ್ವರ ಎದ್ದ ಹುಳುವಿಗೆ ಎಷ್ಟು ಹಾಕಿದರೂ ಸಾಲದು. ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತದೆ. ಅವತ್ತು ಯಜಮಾನರು ಮಂಜಿನಲ್ಲೇ ತೋಟಕ್ಕೆ ಹೋದರು. ಕಡ್ಡಿಯಲ್ಲಿ ಬಟ್ಟೆ ಇರಲಿಲ್ಲ. ಬದುವಿನ ಪಕ್ಕದ ಸೊಪ್ಪು ಚೆನ್ನಾಗಿ ಬಲಿತಿತ್ತು, ಅದನ್ನೇ ಕೊಯ್ದು ತಂದರು.

ಹುಳು ಮೇಯುವ ಸದ್ದು ಹೇಗಿರುತ್ತದೆಂದರೆ, ಪಕ್ಕದ ಕೋಣೆಯಲ್ಲಿ ಯಾರೋ ಹುಣಸೆಹಣ್ಣಿನ ಓಡು ಬಿಡಿಸುತ್ತಿದ್ದಾರೇನೋ ಅನ್ನಿಸಬೇಕು. ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ಆ ಸದ್ದು ನಿಂತಿತು. ಎದ್ದು ಹೋಗಿ ನೋಡಿದರೆ ಬೆರಳುದ್ದದ ಹುಳುಗಳೆಲ್ಲ ತಲೆ ಎತ್ತಿ ಅತ್ತಿಂದಿತ್ತ ಒದ್ದಾಡುತ್ತಿದ್ದವು. ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಕೆಲವು ಆಗಲೇ ಮುರುಟಿಕೊಂಡು ತಟ್ಟೆಯಿಂದ ಕೆಳಕ್ಕೆ ಬಿದ್ದಿದ್ದವು. ಕಾಲಿಟ್ಟ ಕಡೆಯೆಲ್ಲ ಮೆತ್ತಗೆ ಸಿಗುತ್ತಿದ್ದವು.

ಯಜಮಾನರು ಬಂದು ಒಂದು ಎಲೆ ಮೂಸಿದರು. ಮೇವು ಕಡಿಯುವ ಮಚ್ಚು ತೆಗೆದುಕೊಂಡು ಹೊರಟರು. ನಾನು ಹಿಂದೆಯೇ ಓಡಿದೆ.

ಹೋಗುತ್ತಲೇ ಟೊಮೆಟೊ ಸಾಲಿಗೆ ಬಿದ್ದರು. ಗಿಡಕ್ಕೆ ಆಸರೆ ಕೊಟ್ಟಿದ್ದ ನೀಲಗಿರಿ ಕಡ್ಡಿಗಳನ್ನು ಒಂದೊಂದೇ ಏಟಿಗೆ ಕಡಿದರು. ಕೆಂಪಾಗುತ್ತಿದ್ದ ಕಾಯಿಗಳು ಗೊಂಚಲು ಗೊಂಚಲಾಗಿ ನೆಲಕ್ಕೆ ಬಿದ್ದು ಕಾಲ ಕೆಳಗೆ ಒಡೆದವು. ಮೈದುನ ಪಂಪ್‌ ಮನೆಯಿಂದ ಕೂಗುತ್ತಾ ಬಂದ.

"ಅಣ್ಣಾ! ತಲೆ ಕೆಟ್ಟೈತಾ ನಿಂಗೆ?"

"ಔಷ್ದಿ ಹೊಡ್ದು ಬಟ್ಟೆ ಕಟ್ದಲೆ ಇದ್ದೀಯಲ್ಲೋ ಬೇವರ್ಸಿ! ನನ್ ಹುಳ ಎಲ್ಲಾ ಹೋದ್ವು!"

"ಕಟ್ಟಿದ್ದೀನಿ. ನೆನ್ನೆ ಸಾಯಂಕಾಲಾನೇ ಕಟ್ಟಿದ್ದೀನಿ."

"ಎಲ್ಲೋ ಐತೆ? ತೋರ್ಸೋ ಲೇ!"

ಅವನು ತಿರುಗಿ ನೋಡಿದ. ಕಡ್ಡಿ ಬೋಳಾಗಿತ್ತು. ಆಮೇಲೆ ಅಂದ: "ನೀನೇ ಕಿತ್ತಾಕಿರ್ತೀಯ. ಹುಳ ತಾನಾಗೇ ಸತ್ತಿರ್ತವೆ, ನನ್ ತಲೆಗೆ ಕಟ್ಟಾಕ್ ಬಂದಿದ್ದೀಯ."

ಯಜಮಾನರು ಮಚ್ಚಿನ ಹಿಂಬದಿಯಿಂದ ಅವನ ಭುಜಕ್ಕೆ ಹೊಡೆದರು. ಅವನು ಬಾಗಿ ಒಂದು ಕಡ್ಡಿ ಕಿತ್ತು ಇವರ ಕಿವಿಯ ಮೇಲೆ ಬೀಸಿದ. ರಕ್ತ ಕತ್ತಿನಿಂದ ಅಂಗಿಯೊಳಕ್ಕೆ ಇಳಿಯಿತು. ಇಬ್ಬರೂ ಕೆಸರಿಗೆ ಬಿದ್ದರು. ಇವರು ತಮ್ಮನ ಎದೆಯ ಮೇಲೆ ಮಂಡಿ ಊರಿ ಮಚ್ಚು ಎತ್ತಿದರು. ಈ ಸಲ ಅಲಗು ಕೆಳಕ್ಕಿತ್ತು. ನಾನು ಅವರ ಮುಂಗೈಗೆ ಜೋತುಬಿದ್ದೆ. ಅವರು ಕೈ ಒದರಿದ ರಭಸಕ್ಕೆ ನಾನು ಬಿದ್ದೆ, ಬಳೆ ಒಡೆದು ಕೈಗೆ ಚುಚ್ಚಿತು.

"ವದ್ದು ಬಾವಾ, ವದ್ದು!"

ಮೈದುನನ ಹೆಂಡತಿ ಆಚೆ ಸಾಲಿನಿಂದ ಓಡಿ ಬರುತ್ತಿದ್ದಳು. ಮುಳಬಾಗಿಲಿನ ಆಚೆ, ಆಂಧ್ರದ ಗಡಿಯ ಹುಡುಗಿ. ಹೆದರಿದರೆ ತೆಲುಗೇ ಮೊದಲು ಬರುತ್ತದೆ; ಬೇಡ, ಬೇಡ ಅನ್ನುತ್ತಿದ್ದಳು.

"ಬಟ್ಟೆ ನಾನೇ ಬಿಚ್ಚಿದ್ದು ಬಾವಾ, ನೆನ್ನೆ ಕತ್ಲಾಗೋ ಹೊತ್ನಾಗೆ! ಗಿಡ ಕಟ್ಟಾಕೆ ದಾರ ಸಾಲ್ಲಿಲ್ಲ. ಅದನ್ನೇ ಸೀಳಿ ಕಟ್ಟಿಬಿಟ್ಟೆ. ಇನ್ನೊಂದು ಕಟ್ಟೋಣ ಅಂದ್ಕೊಂಡೆ... ಮರ್ತೋಯ್ತು."

ಹಳೆ ಸೀರೆ ಸೀಳಿ ಗಿಡ ಕಟ್ಟುವುದು ಎಲ್ಲರೂ ಮಾಡುವ ಕೆಲಸ. ಕೈಗೆ ಸಿಕ್ಕ ಬಟ್ಟೆ ಹರಿಯುತ್ತಾ ಹೋಗುವ ಭರದಲ್ಲಿ ಇದನ್ನೂ ಹರಿದಿದ್ದಳು.

ಯಜಮಾನರು ಮಚ್ಚು ಬಿಟ್ಟು ಎದ್ದರು. ತಮ್ಮನ ಕೈ ಹಿಡಿದು ಎಬ್ಬಿಸಿದರು. ನನಗೆ ಜೀವ ಬಂದಂತಾಯಿತು. ಮೈದುನ ಕೆಸರು ಒರೆಸಿಕೊಳ್ಳಲೂ ಇಲ್ಲ, ಅದೇ ಕಡ್ಡಿ ಎತ್ತಿಕೊಂಡು ಅವಳ ಕಡೆ ನಡೆದ. ಅವಳು ಮುಖಕ್ಕೆ ಅಡ್ಡ ಹಿಡಿದ ಬಲಗೈ ಮೇಲೆ ಏಟು ಬಿತ್ತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

"ಹಾಕು ಇನ್ನೊಂದು" ಅಂದರು ಯಜಮಾನರು.

ವರ್ಷಗಳ ಮೇಲೆ ತಮ್ಮನ ಜೊತೆ ಅವರು ಸಮಾಧಾನದಿಂದ ಆಡಿದ ಮೊದಲ ಮಾತು ಅದು. ಈಗಷ್ಟೇ ಒಬ್ಬರನ್ನೊಬ್ಬರು ಕೊಲ್ಲಹೊರಟಿದ್ದವರು ಒಂದಾಗಿಬಿಟ್ಟಿದ್ದರು. ಎರಡನೇ ಏಟು ಅವಳ ಬೆನ್ನಿಗೆ, ಮೂರನೆಯದು ಸೊಂಟಕ್ಕೆ. ಅವಳು ಬಿದ್ದಳು. ಇವನು ನಿಲ್ಲಿಸುವವನಲ್ಲ ಅನ್ನುವುದು ನನಗೆ ಖಾತ್ರಿಯಾಯಿತು.

ಮಚ್ಚು ಎತ್ತಿಕೊಂಡೆ. "ಮಡಗು ಕಡ್ಡೀನ. ಇಲ್ಲಾಂದ್ರೆ ನಿನ್ ಡ್ರಿಪ್ ಪೈಪೆಲ್ಲಾ ಕೊಚ್ಚಾಕ್ತೀನಿ."

"ಅತ್ತಿಗೇ, ನೀವು ಸುಮ್ನಿರಿ."

ಕೊಚ್ಚಿದೆ. ದಪ್ಪ ಪೈಪೇ ಸಿಕ್ಕಿತು. ನೀರು ಆಳೆತ್ತರಕ್ಕೆ ಚಿಮ್ಮಿತು. ಮೈದುನ ಕಡ್ಡಿ ಎಸೆದು "ಅಯ್ಯೋ, ಅಯ್ಯೋ" ಅಂತ ಪೈಪಿಗೆ ಬಿದ್ದ. ನಮ್ಮವರೂ ಅಭ್ಯಾಸಬಲದಿಂದ ಮೋಟರ್ ಆರಿಸಲು ಓಡಿದರು. ಅಷ್ಟರಲ್ಲಿ ಅವಳನ್ನು ರಸ್ತೆಗೆ ಎಳೆದುಕೊಂಡು ಬಂದು ಆಟೋ ಹತ್ತಿಸಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಅವಳು "ಬಿದ್ದೆ" ಅಂದಳು. "ಬಿದ್ದಿಲ್ಲ, ಗಂಡ ಹೊಡ್ದಿದ್ದು" ಅಂದೆ. ಕೈಗೆ ಕಟ್ಟು ಹಾಕಿದರು. ಅವಳನ್ನು ನಮ್ಮ ಮನೆಗೇ ಕರೆದುಕೊಂಡು ಬಂದೆ. ಯಜಮಾನರು ತಲೆಗೆ ನಮ್ಮೂರಲ್ಲೇ ಹೊಲಿಗೆ ಹಾಕಿಸಿಕೊಂಡಿದ್ದರು. ತೋಟದಿಂದ ಬರುವಾಗ ಸುರಿದ ರಕ್ತ ಅಂಗಳದಲ್ಲಿ ಒಣಗಿ ಹಿಡಿದಿತ್ತು.

ಸಂಜೆ ಮೈದುನ ಬಾಗಿಲಿಗೆ ಬಂದ. "ಅತ್ತಿಗೇ, ಕಳ್ಸಿ ಅವಳ್ನ."

"ಕಳ್ಸೇ, ಅವ್ರ ಮನೆ ವಿಷ್ಯ" ಅಂದರು ಯಜಮಾನರು ಒಳಗಿನಿಂದ.

"ಇನ್ನೊಂದು ಹಾಕು ಅಂದಾಗ ಅವ್ರ ಮನೆ ವಿಷ್ಯ ಅಂತ ಗೊತ್ತಿರ್ಲಿಲ್ವಾ ನಿಮ್ಗೆ?" ಅಂದೆ. ಮೈದುನನಿಗೆ ಹೇಳಿದೆ: "ಮೂಳೆ ಕೂಡೋವರ್ಗೂ ಇಲ್ಲೇ ಇರ್ತಾಳೆ. ಆಮೇಲೆ ಬರೋದು ಬಿಡೋದು ಅವ್ಳಿಷ್ಟ."

"ಮತ್ತೆ ನನ್ ಊಟ?"

"ಟೊಮೆಟೊ ಬೇಕಾದಷ್ಟು ಬಿದ್ದೈತಲ್ಲಪ್ಪಾ. ಗೊಜ್ಜು ಮಾಡ್ಕೋ."

ಒಳಗೆ ಓರಗಿತ್ತಿ ನಕ್ಕಳು. ನಕ್ಕಿದ್ದಕ್ಕೆ ಬೆನ್ನು ನೊಂದು "ಅಮ್ಮಾ" ಅಂದಳು. ಮೈದುನ ತಿರುಗಿ ಹೋದ.

"ಅವಳು ಕೂತ್ರೆ ನಂಗೆ ಊಟ ಬ್ಯಾಡ" ಅಂದರು ಯಜಮಾನರು. ನಾನು ಎರಡೇ ತಟ್ಟೆ ಇಟ್ಟೆ. ರಾಗಿಮುದ್ದೆ, ಹಿತಕಬೇಳೆ ಸಾರು. ಎಡಗೈಯಲ್ಲಿ ಅವಳಿಗೆ ಮುದ್ದೆ ಮುರಿಯಲು ಬರಲಿಲ್ಲ. ನಾನೇ ಮುರಿದು, ಸಾರಿನಲ್ಲಿ ಅದ್ದಿ ಕೊಟ್ಟೆ. ನಾವು ಎದ್ದ ಮೇಲೆ ಯಜಮಾನರು ಬಂದು, ತಾವೇ ಬಡಿಸಿಕೊಂಡು, ಗೋಡೆಗೆ ಮುಖ ಮಾಡಿ ಉಂಡರು. ಚಾಪೆ ತೆಗೆದುಕೊಂಡು ಜಗಲಿಗೆ ಹೋದರು. ನಾನು ಒಳಗಿನಿಂದ ಅಗುಳಿ ಹಾಕಿ, ಅವಳ ಕೈ ಕೆಳಗೆ ದಿಂಬು ಕೊಟ್ಟು ಮಲಗಿದೆ. ಮೊದಲು ನಿದ್ದೆ ಹೋದವಳು ಅವಳೇ.