ಪಡುವಣ ಗೋಡೆಯ ವಿಷಯವಾಗಿ

ಓದುಗರ ಸನ್ನಿಧಿಗೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಚೇರಿಯ ಪತ್ರಗಳ ಹೊರತು ನಾನು ಈವರೆಗೆ ಬೇರೇನನ್ನೂ ಬರೆದವನಲ್ಲ, ತಪ್ಪಿದಲ್ಲಿ ಮನ್ನಿಸಬೇಕು.

ಪ್ಲೇಗಿನ ಉಪದ್ರವದ ತರುವಾಯ ಬೈಲಹೊಂಗಲದ ಪೇಟೆಯ ಹೊರಗೆ ಮನೆ ಕಟ್ಟಲು ಹೊಸ ಜಾಗಗಳನ್ನು ಕೊಟ್ಟರು. ಮನೆಗೆ ಮನೆ ತಾಗಕೂಡದು, ಸುತ್ತಲೂ ಬಯಲು ಬಿಡಬೇಕು ಎಂಬುದು ನಿಯಮ. ನಮ್ಮ ತಂದೆಯವರು ಪೇಟೆಯ ಹಳೆಯ ಮನೆಯನ್ನು ಅಳೆದು, ಅದರಂತೆಯೇ ಇಲ್ಲಿಯೂ ಕಟ್ಟಿಸಿದರು. ಪೇಟೆಯ ಓಣಿಯಲ್ಲಿ ಪಡುವಣ ನಡುಗೋಡೆ ಎರಡು ಮನೆಗಳಿಗೆ ಸೇರಿದ್ದು. ಅರ್ಧ ದಪ್ಪ ನಮ್ಮದು, ಅರ್ಧ ನೆರೆಯವರದು. ತಂದೆಯವರು ಅಳತೆಗೆ ನಮ್ಮ ಪಾಲಿನ ಅರ್ಧವನ್ನಷ್ಟೇ ಹಿಡಿದರು. ಉಳಿದರ್ಧವನ್ನು ಕೊಡಲು ಹೊಸ ಜಾಗದಲ್ಲಿ ನೆರೆಯವರೇ ಇರಲಿಲ್ಲ. ಇಳಿಹೊತ್ತಿನ ಬಿಸಿಲು ಸದರಿ ಪಡುವಣ ಗೋಡೆಗೆ ಬಡಿದು ಒಳಗಿನ ಕೋಣೆ ಕುಲುಮೆಯಾಗುತ್ತಿತ್ತು.

ಚೈತ್ರದಲ್ಲಿ ನನ್ನ ಹೆಂಡತಿ ಎಳೆಗೂಸನ್ನು ಎತ್ತಿಕೊಂಡು ತವರೂರಾದ ಸಿರಸಂಗಿಯಿಂದ ಬಂದಳು. ಜೊತೆಗೆ ಬಂದ ಅತ್ತೆಯವರು ಗೋಡೆಗೆ ಅಂಗೈ ಒತ್ತಿ, ಥಟ್ಟನೆ ತೆಗೆದರು.

"ಬೀಗರ, ಇದು ಮನಿಯೇನ್ರಿ, ರೊಟ್ಟಿ ಹಂಚೇನ್ರಿ?"

"ಹಂಚ ಕಾದಿದ್ರ ರೊಟ್ಟಿ ಬಡೀರಲ್ಲ, ಬೀಗತಿ," ಎಂದು ತಂದೆಯವರು ನಕ್ಕರು.

"ನಗಬ್ಯಾಡ್ರಿ. ಕೂಸಿನ ಮೈಮ್ಯಾಲೆ ಬೆವರಸಾಲಿ ಎದ್ರ ನಾ ಮಗಳನ್ನ ಇಲ್ಲಿ ಬಿಡಾಂಗಿಲ್ಲ."

ನಾನು ಅಂದೇ ಆ ಗೋಡೆಗೆ ಒರಗಿದಂತೆ ದನಗಳಿಗೊಂದು ಚಪ್ಪರ ಹಾಕಿಸಿದೆನು. ನೆರಳಾಯಿತು, ಸಂಜೆ ಕೂಸು ಅಳದೆ ಮಲಗಿತು. ಮರುದಿನ ಜಾಗದ ತಪಾಸಣೆಗೆ ಬಂದ ಅಧಿಕಾರಿ ಅದನ್ನು ಕೀಳಿಸಿದರು.

"ಗಾಳಿ ಆಡಬೇಕ್ರಿ. ಸುತ್ತ ಜಾಗಾ ಖುಲ್ಲಾ ಇರಬೇಕಂತ ಹುಕುಂ ಅದ."

"ಗಾಳಿ ಒಳಗ ಬರಾಕ ಆ ಗ್ವಾಡ್ಯಾಗ ಕಿಟಕೀನ ಇಲ್ಲಲ್ರಿ, ಸಾಹೇಬ್ರ!"

"ಅದನ್ನ ಕಟ್ಟಿಸಿದವ್ರಿಗೆ ಕೇಳ್ರಿ," ಎಂದು ಅವರು ಕುದುರೆ ಏರಿದರು.

ಕಟ್ಟಿಸಿದವರನ್ನೇ ಕೇಳಿದೆನು. ಕಿಟಕಿ ಬೇಡವಾದರೆ ಬಿಡಲಿ, ಹೊರಗೆ ಬಯಲು ಬಿಡಬೇಕಾದ್ದರಿಂದ ಒಳಮಗ್ಗುಲಿಗೆ ಮಣ್ಣು ಕೂಡಿಸಿ ಗೋಡೆಯನ್ನಾದರೂ ದಪ್ಪ ಮಾಡೋಣವೆಂದು ಬಿನ್ನವಿಸಿದೆನು. ಹಾಗೆ ಮಾಡಿದರೆ ಕೋಣೆಯ ಆಯ, ಅಂದರೆ ಶುಭದ ಅಳತೆ, ಕೆಡುವುದೆಂದು ತಂದೆಯವರು ಸಿಡುಕಿದರು.

"ನಿಮ್ಮಜ್ಜ ಹಿಡಿದ ಆಯ ಅದು. ಒಂದ ಬೆರಳ ಸುದ್ದಾ ಕೆಡಸಾಂಗಿಲ್ಲ."

"ಅಜ್ಜನ ಮನಿಗೆ ಎರಡೂ ಬಾಜೂ ಮಂದಿ ಮನಿ ಇದ್ದೂವಲ್ರಿ, ಅಪ್ಪಾರ!"

"ಇಲ್ಲೂ ಆಗತಾವ, ತಡಿ."

ಆಗುವುದೆಂತು? ಮನೆಗೆ ಮನೆ ತಾಗಕೂಡದೆಂಬ ನಿಯಮಕ್ಕೆ ಸ್ವತಃ ಅವರೇ ಸಹಿ ಹಾಕಿದ್ದರು.

ಅಷ್ಟರೊಳಗೆ ಕೂಸಿನ ಕೊರಳೆಲ್ಲ ಬೆವರುಸಾಲೆಯಿಂದ ಕೆಂಪಾಯಿತು. ಅತ್ತೆಯವರು ಬಂಡಿ ಹೂಡಿಸಿದರು. ಹತ್ತುವ ಮುನ್ನ ಹೆಂಡತಿ ನನ್ನತ್ತ ತಿರುಗಿದಳು.

"ಮಾವನಾರಿಗೆ ಆಯ ಬೇಕು, ಸಾಹೇಬ್ರಿಗೆ ಗಾಳಿ ಬೇಕು. ನಿಮಗೇನ ಬೇಕ್ರಿ?"

"ಮಣ್ಣು," ಎಂದೆನು. ಸಿಟ್ಟಿನಲ್ಲಿ ಬೇರೆ ಮಾತು ಹೊಳೆಯಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ತಂದೆಯವರು ಎದ್ದು ಒಳಗೆ ಹೋದರು.

"ಮಳಿ ಬಿದ್ದ ಮ್ಯಾಲೆ ಬರತೇನಿ," ಎಂದಳು. ಬಂಡಿ ಸಿರಸಂಗಿಗೆ ಹೋಗುವ ಯರಗಟ್ಟಿಯ ದಾರಿ ಹಿಡಿಯಿತು.